ಐದು ವರ್ಷ ದಾಟಿದ ಮೇಲೆ: ಸ್ತನ ಕ್ಯಾನ್ಸರಿನ ಯಾವ ಬಗೆ ಯಾವಾಗ ಮರಳುತ್ತದೆ?

ಬಿಳಿದಾಸವಾಳ
ರಿಪೋರ್ಟು ಹಿಡಿದು ಇಲ್ಲಿಗೆ ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಐದು ವರ್ಷ ದಾಟಿದರೆ ಗೆದ್ದ ಹಾಗೆಯೋ? ಒಬ್ಬರು ಹೌದು ಅಂತಾರೆ. ಇನ್ನೊಬ್ಬರು, ಹದಿನೆಂಟು ವರ್ಷದ ಮೇಲೆ ಮೂಳೆಗೆ ಬಂದದ್ದು ಗೊತ್ತು ಅಂತಾರೆ. ಗಡ್ಡೆಯ ಬಗೆ ಯಾವುದು ಅಂತ ಹೇಳದಿದ್ದರೆ ಎರಡೂ ಮಾತು ಗಾಳಿಯಲ್ಲಿ ತೇಲುತ್ತವೆ. ಇಆರ್ ಪಾಸಿಟಿವ್ (ಈಸ್ಟ್ರೋಜೆನ್ ಹಾರ್ಮೋನಿನ ಗ್ರಾಹಕ ಇರುವ ಗಡ್ಡೆ), ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೋಟೀನು ಹೆಚ್ಚಿರುವುದು), ಟ್ರಿಪಲ್ ನೆಗೆಟಿವ್ (ಇಆರ್, ಪ್ರೊಜೆಸ್ಟರಾನ್ ಗ್ರಾಹಕವಾದ ಪಿಆರ್, ಹರ್-2 ಮೂರೂ ಇಲ್ಲದ್ದು) ಮೂರನ್ನೂ ಇದೇ ಎಳೆಯಲ್ಲಿ ಬಿಡಿಸೋಣ. ಸ್ವಂತ ಅನುಭವಕ್ಕೆ ಬೇರೆ ಎಳೆ ಇದೆ. ಇಲ್ಲಿ ಅಂಕಿ ಮತ್ತು ಕೆಲಸಕ್ಕೆ ಬರುವ ವಿವರ ಸಾಕು.

ಅಂಕಿಗಾರ_ಹಾಸನ
ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಎರಡು ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೆ ಅನ್ನುವುದನ್ನು. ಅಂತರರಾಷ್ಟ್ರೀಯ ಸ್ತನ ಕ್ಯಾನ್ಸರ್ ಅಧ್ಯಯನ ಗುಂಪಿನವರು 1978ರಿಂದ 1985ರವರೆಗೆ ಸೇರಿಸಿಕೊಂಡ 4,105 ಮಹಿಳೆಯರನ್ನು ಇಪ್ಪತ್ತೈದು ವರ್ಷದವರೆಗೆ ಹಿಂಬಾಲಿಸಿ 2016ರಲ್ಲಿ ಲೆಕ್ಕ ಕೊಟ್ಟರು. ವರ್ಷಕ್ಕೆ ನೂರರಲ್ಲಿ ಎಷ್ಟು ಮಂದಿಗೆ ಮರಳಿತು ಅನ್ನುವ ಲೆಕ್ಕ ಹೀಗಿದೆ:

ಮೊದಲ 5 ವರ್ಷ: ಇಆರ್ ಪಾಸಿಟಿವ್ 9.9, ಇಆರ್ ನೆಗೆಟಿವ್ 11.5
5ರಿಂದ 10: 5.4 ಮತ್ತು 3.3
10ರಿಂದ 15: 2.9 ಮತ್ತು 1.3
15ರಿಂದ 20: 2.8 ಮತ್ತು 1.2
20ರಿಂದ 25: 1.3 ಮತ್ತು 1.4

ನೆಗೆಟಿವ್ ಬಗೆ ಮೊದಲು ಜೋರಾಗಿ ಸುರಿದು ನಿಲ್ಲುವ ಮಳೆ. ಪಾಸಿಟಿವ್ ಬಗೆ ಬಿಡದೆ ಹಿಡಿಯುವ ಜಡಿಮಳೆ. ಐದನೇ ವರ್ಷ ಗೆರೆಗಳು ಅದಲುಬದಲಾಗುತ್ತವೆ. "ಒಳ್ಳೆ ಬಗೆ" ಅನ್ನಿಸಿಕೊಳ್ಳುವ ಇಆರ್ ಪಾಸಿಟಿವ್‌ನಲ್ಲೇ ತಡವಾದ ಮರುಕಳಿಕೆ ಹೆಚ್ಚು ಕಾಣುವುದು ಇದರಿಂದ.

ಒಂದು ಎಚ್ಚರಿಕೆ: ಇವು ಹಳೆಯ ಕಾಲದ ಔಷಧಿಯ ಅಂಕಿ. ಇವತ್ತು ಎರಡೂ ಗೆರೆ ಕೆಳಗಿವೆ. ಆಕಾರವನ್ನು ನೋಡಿ, ಎತ್ತರವನ್ನು ನಂಬಬೇಡಿ.

ಬಿಳಿದಾಸವಾಳ
ಹಾಗಾದರೆ ಇಆರ್ ಪಾಸಿಟಿವ್‌ನವರು ಐದು ವರ್ಷ ಮಾತ್ರೆ ಮುಗಿಸಿ ಆರಾಮಾಗಿದ್ದರೆ, ಅಲ್ಲಿಂದ ಮುಂದಕ್ಕೆ ಎಷ್ಟು?

ಅಂಕಿಗಾರ_ಹಾಸನ
ಸರಿಯಾದ ಪ್ರಶ್ನೆ, ಯಾಕೆಂದರೆ ಎಲ್ಲಿಂದ ಎಣಿಸುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಆಕ್ಸ್‌ಫರ್ಡಿನ ಸಹಯೋಗ ಗುಂಪು 88 ಪ್ರಯೋಗಗಳ 62,923 ಮಹಿಳೆಯರನ್ನು ಕೂಡಿಸಿ 2017ರಲ್ಲಿ ಕೊಟ್ಟ ಲೆಕ್ಕ ಸರಿಯಾಗಿ ಇದಕ್ಕೇ. ಎಲ್ಲರೂ ಇಆರ್ ಪಾಸಿಟಿವ್, ಐದು ವರ್ಷ ಹಾರ್ಮೋನ್ ಮಾತ್ರೆ ಮುಗಿಸಿ ನಿಲ್ಲಿಸಬೇಕಿದ್ದವರು, ಐದನೇ ವರ್ಷ ಕ್ಯಾನ್ಸರ್ ಇಲ್ಲದವರು. 5ನೇ ವರ್ಷದಿಂದ 20ನೇ ವರ್ಷದೊಳಗೆ ಮೂಳೆ, ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗದಲ್ಲಿ ಮರಳಿದ್ದು:

ಗಡ್ಡೆ 2 ಸೆಂ.ಮೀ. ಒಳಗೆ, ಕಂಕುಳ ಗ್ರಂಥಿಯಲ್ಲಿ ಇಲ್ಲ: 13%
ಅದೇ ಗಾತ್ರ, 1ರಿಂದ 3 ಗ್ರಂಥಿ: 20%
ಅದೇ ಗಾತ್ರ, 4ರಿಂದ 9 ಗ್ರಂಥಿ: 34%
ಗಡ್ಡೆ 2ರಿಂದ 5 ಸೆಂ.ಮೀ., ಗ್ರಂಥಿಯಲ್ಲಿ ಇಲ್ಲ: 19%
1ರಿಂದ 3 ಗ್ರಂಥಿ: 26%
4ರಿಂದ 9 ಗ್ರಂಥಿ: 41%

ಚಿಕ್ಕ ಗಡ್ಡೆ, ಗ್ರಂಥಿ ಸ್ವಚ್ಛ ಇದ್ದವರಲ್ಲೂ ಗ್ರೇಡ್ (ಸೂಕ್ಷ್ಮದರ್ಶಕದಲ್ಲಿ ಕಣಗಳು ಎಷ್ಟು ಕೆಟ್ಟಂತೆ ಕಾಣುತ್ತವೆ ಎಂಬ ದರ್ಜೆ) 1ಕ್ಕೆ 10%, ಗ್ರೇಡ್ 2ಕ್ಕೆ 13%, ಗ್ರೇಡ್ 3ಕ್ಕೆ 17%.

ಇದನ್ನು ಓದುವಾಗ ಜನ ಎಡವುವುದು ಮೂರು ಕಡೆ. ಒಂದು, 13% ಅಂದರೆ ಹದಿನೈದು ವರ್ಷದ ಒಟ್ಟು. ವರ್ಷಕ್ಕೆ ಸುಮಾರು 1%. ನೂರರಲ್ಲಿ 87 ಮಂದಿಗೆ ಬಂದಿಲ್ಲ. ಎರಡು, ಈ ಬಗೆಯ ಲೆಕ್ಕದಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡವರು ನಡುವೆ ಕಣದಿಂದ ಹೊರಬೀಳುತ್ತಾರೆ, ಹಾಗಾಗಿ ಎಪ್ಪತ್ತೈದು ವಯಸ್ಸಿನವರಿಗೆ ಅಂಕಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂರು, ಇವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಆದದ್ದು ಹರ್-2 ಔಷಧಿ ಬರುವ ಮೊದಲು.

ಅದೇ ಗುಂಪು 2024ರಲ್ಲಿ ಕಾಲವನ್ನು ಹೋಲಿಸಿತು. ಗ್ರಂಥಿ ಸ್ವಚ್ಛ ಇದ್ದ ಇಆರ್ ಪಾಸಿಟಿವ್‌ನವರಲ್ಲಿ ಮೊದಲ ಹತ್ತು ವರ್ಷದ ದೂರದ ಮರುಕಳಿಕೆ 1990ರ ದಶಕದಲ್ಲಿ 10.1% ಇದ್ದದ್ದು 2000ರ ದಶಕದಲ್ಲಿ 7.3% ಆಗಿದೆ. ಇಆರ್ ನೆಗೆಟಿವ್‌ನಲ್ಲಿ 18.3 ಇದ್ದದ್ದು 11.9.

ಸ್ಲೈಡ್_ಮೇಜು
ಗಾತ್ರ, ಗ್ರಂಥಿ, ಇಆರ್ ಅಂತ ಇಷ್ಟು ಲೆಕ್ಕ ಕಟ್ಟುತ್ತೀರಲ್ಲ, ಅದೆಲ್ಲ ನಿಂತಿರುವುದು ಪ್ಯಾಥಾಲಜಿ ಮೇಜಿನ ಮೇಲೆ. ಅಡಿಪಾಯ ಓರೆಯಾದರೆ ಮೇಲಿನದ್ದೆಲ್ಲ ಓರೆ.

ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. 10% ಬಫರ್ ಹಾಕಿದ ಫಾರ್ಮಲಿನ್, ಅಂಗಾಂಶದ ಹತ್ತು ಪಟ್ಟು. ಇಡೀ ಸ್ತನವನ್ನು ಹಾಗೇ ಡಬ್ಬಿಗೆ ತುರುಕಿದರೆ ಒಳಗಿನ ಗಡ್ಡೆಗೆ ದ್ರವ ತಲುಪುವಷ್ಟರಲ್ಲಿ ಅದು ಕೊಳೆಯತೊಡಗಿರುತ್ತದೆ. ಅದಕ್ಕೇ ಅರ್ಧ ಸೆಂ.ಮೀ. ದಪ್ಪಕ್ಕೆ ಸೀಳಿ ಬಿಡಿಸಿ ಮುಳುಗಿಸಬೇಕು. 6ರಿಂದ 72 ಗಂಟೆ. ಕಡಿಮೆಯಾದರೂ ಕೆಟ್ಟದ್ದು, ಹೆಚ್ಚಾದರೂ ಕೆಟ್ಟದ್ದು. ಸಲೈನಿನಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸಿದ ಮಾದರಿಯಲ್ಲಿ ಇಆರ್ ಸೊನ್ನೆ ಬಂದರೆ ಅದು ಗಡ್ಡೆಯ ಗುಣವೋ ಡಬ್ಬಿಯ ಗುಣವೋ ಹೇಳಲಾಗದು. ಸುಳ್ಳು ನೆಗೆಟಿವ್ ಬಂದರೆ ಹತ್ತು ವರ್ಷ ಕೆಲಸ ಮಾಡಬಹುದಿದ್ದ ಮಾತ್ರೆ ಕೈತಪ್ಪುತ್ತದೆ.

ಪರೀಕ್ಷಿಸುವ ಸುಲಭ ದಾರಿ: ಅದೇ ಸ್ಲೈಡಿನಲ್ಲಿ ಪಕ್ಕದ ಸಹಜ ಹಾಲುನಾಳಗಳು ಇಆರ್‌ಗೆ ಬಣ್ಣ ಹಿಡಿದಿವೆಯೇ ಎಂದು ರಿಪೋರ್ಟಿನಲ್ಲಿ ನೋಡಿ. "ಇಂಟರ್ನಲ್ ಕಂಟ್ರೋಲ್" ಅಂತ ಬರೆದಿರುತ್ತಾರೆ. ಅದೇ ಹಿಡಿದಿಲ್ಲವಾದರೆ ನೆಗೆಟಿವ್ ಉತ್ತರವನ್ನು ಒಪ್ಪದೆ ಇನ್ನೊಂದು ಬ್ಲಾಕಿನಲ್ಲಿ (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕು) ಮತ್ತೆ ಮಾಡಿಸಬೇಕು.

ಹರ್-2 ವಿಷಯ: 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. 2+ ಅಂದರೆ ಉತ್ತರ ಇನ್ನೂ ಬಂದಿಲ್ಲ ಎಂದರ್ಥ, ಫಿಶ್ ಪರೀಕ್ಷೆ (ಹರ್-2 ಜೀನಿನ ಪ್ರತಿಗಳನ್ನು ಎಣಿಸುವುದು) ಆಗಲೇಬೇಕು. 2+ ಎಂದು ಬರೆದ ಕಾಗದವನ್ನು ಫೈಲಿಗೆ ಸೇರಿಸಿ ಮರೆಯುವುದು ಇನ್ನೂ ನಡೆಯುತ್ತಿದೆ.

ಬಿಳಿದಾಸವಾಳ
ಇಆರ್ 5% ಅಂತ ಬಂದರೆ ಅದು ಜಡಿಮಳೆಯೋ ಜೋರುಮಳೆಯೋ?

ಸ್ಲೈಡ್_ಮೇಜು
1ರಿಂದ 10% ಇದ್ದರೆ 2020ರ ಮಾರ್ಗಸೂಚಿ ಪ್ರಕಾರ "ಇಆರ್ ಲೋ ಪಾಸಿಟಿವ್" ಎಂದು ಬೇರೆಯಾಗಿ ಬರೆಯಬೇಕು. ನಡವಳಿಕೆಯಲ್ಲಿ ಇವುಗಳಲ್ಲಿ ಬಹಳಷ್ಟು ಟ್ರಿಪಲ್ ನೆಗೆಟಿವ್‌ನ ನಂಟರು. ಮೊದಲ ಮೂರು ವರ್ಷದ ಎಚ್ಚರ ಬೇಕು, ಹಾರ್ಮೋನ್ ಮಾತ್ರೆಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಹಾಗಂತ ಮಾತ್ರೆ ಬೇಡವೇ ಬೇಡ ಎನ್ನಲು ಆಧಾರವಿಲ್ಲ, ಸಾಮಾನ್ಯವಾಗಿ ಕೊಟ್ಟು ನೋಡುತ್ತಾರೆ. "ಪಾಸಿಟಿವ್" ಎಂಬ ಒಂದೇ ಪದ ಓದಿ 5% ಮತ್ತು 95%ನ್ನು ಒಂದೇ ಸಾಲಿನಲ್ಲಿ ಕೂರಿಸಬಾರದು.

ಡೇಕೇರ್_ಡೆಸ್ಕ್
ಟ್ರಿಪಲ್ ನೆಗೆಟಿವ್ ಬಗ್ಗೆ ನಾನು ಬರೀತೀನಿ. ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರಿನ ಸುಮಾರು 30% ಇದೇ ಬಗೆ. ಪಶ್ಚಿಮದ ದೇಶಗಳಲ್ಲಿ 12ರಿಂದ 15%. ಹಾಗಾಗಿ ಅಲ್ಲಿನ "ಬಹುಪಾಲು ರೋಗಿಗಳಿಗೆ" ಅನ್ನೋ ಮಾತನ್ನು ಇಲ್ಲಿಗೆ ಹಾಗೇ ತರೋಕಾಗಲ್ಲ.

ಟೊರಾಂಟೊದಲ್ಲಿ 1,601 ರೋಗಿಗಳ ಮೇಲೆ ನಡೆದ 2007ರ ಅಧ್ಯಯನ ಈಗಲೂ ದಾರಿದೀಪ. ಟ್ರಿಪಲ್ ನೆಗೆಟಿವ್‌ನಲ್ಲಿ ದೂರದ ಮರುಕಳಿಕೆ 33.9%, ಉಳಿದವರಲ್ಲಿ 20.4%. ಆದರೆ ಅಪಾಯ ಮೂರನೇ ವರ್ಷದ ಹೊತ್ತಿಗೆ ಶಿಖರ ಮುಟ್ಟಿ ಆಮೇಲೆ ಕಡಿದಾಗಿ ಇಳೀತು. ಐದು ವರ್ಷ ದಾಟಿದ್ದಕ್ಕೆ ನಿಜವಾದ ಬೆಲೆ ಇರೋದು ಇವರಿಗೆ.

ಇವತ್ತು ದಾರಿ ಬದಲಾಗಿರೋದು ಕೀಮೋ ಮೊದಲು, ಆಪರೇಷನ್ ಆಮೇಲೆ ಅನ್ನೋದರಿಂದ. ಆಪರೇಷನ್ನಿನಲ್ಲಿ ತೆಗೆದದ್ದರಲ್ಲಿ ಕ್ಯಾನ್ಸರ್ ಕಣ ಉಳಿದಿಲ್ಲ ಅಂದರೆ ಅದೇ ಅತಿ ಗಟ್ಟಿ ಸೂಚನೆ. ಪೆಂಬ್ರೋಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧಿ ಸೇರಿಸಿದ ಕೀನೋಟ್-522 ಪ್ರಯೋಗದಲ್ಲಿ, ಪೂರ್ತಿ ಕರಗಿದವರಲ್ಲಿ ಐದನೇ ವರ್ಷಕ್ಕೆ ಸುಮಾರು 92% ಮಂದಿ ತೊಂದರೆಯಿಲ್ಲದೆ ಇದ್ದರು. ಉಳಿದಿದ್ದವರಲ್ಲಿ ಸುಮಾರು 62%. ಗಡ್ಡೆ ಉಳಿದವರಿಗೆ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ 6ರಿಂದ 8 ಸುತ್ತು ಕೊಟ್ಟ ಜಪಾನ್-ಕೊರಿಯಾ ಪ್ರಯೋಗದಲ್ಲಿ, ಟ್ರಿಪಲ್ ನೆಗೆಟಿವ್ ಗುಂಪಿನಲ್ಲಿ ಐದನೇ ವರ್ಷಕ್ಕೆ ರೋಗವಿಲ್ಲದೆ ಇದ್ದವರ ಅಂಕಿ 56.1ರಿಂದ 69.8%ಕ್ಕೆ ಏರಿತು. ಬಿಆರ್‌ಸಿಎ ಎಂಬ ಜೀನಿನಲ್ಲಿ ಹುಟ್ಟಿನಿಂದ ಬಂದ ಬದಲಾವಣೆ ಇದ್ದು ಅಪಾಯ ಹೆಚ್ಚಿದ್ದರೆ ಒಲಾಪರಿಬ್ ಮಾತ್ರೆ ಒಂದು ವರ್ಷ. ಅದಕ್ಕೇ ಟ್ರಿಪಲ್ ನೆಗೆಟಿವ್ ಅಂದ ತಕ್ಷಣ ರಕ್ತದ ಬಿಆರ್‌ಸಿಎ ಪರೀಕ್ಷೆಗೆ ಕಳಿಸಬೇಕು. ಆಪರೇಷನ್ ಆದ ಮೇಲೆ ನೋಡೋಣ ಅಂತ ಕೂತರೆ ಔಷಧಿ ಶುರು ಮಾಡೋ ಹೊತ್ತೇ ಮೀರಿಹೋಗಿರುತ್ತೆ.

ಅಂಕಿಗಾರ_ಹಾಸನ
ಡೇಕೇರ್ ಮೇಡಂ ಮಾತಿಗೆ ಒಂದು ತಿದ್ದುಪಡಿ. ಟ್ರಿಪಲ್ ನೆಗೆಟಿವ್ ಎಲ್ಲವೂ ಐದು ವರ್ಷಕ್ಕೆ ಸುಮ್ಮನಾಗುವುದಿಲ್ಲ. ಮೆಟಾಬ್ರಿಕ್ ಗುಂಪಿನ 2019ರ ಕೆಲಸದಲ್ಲಿ ಜೀನುಗಳ ಆಧಾರದ ಮೇಲೆ ಗಡ್ಡೆಗಳನ್ನು ಹನ್ನೊಂದು ಗುಂಪು ಮಾಡಿದ್ದಾರೆ. ಟ್ರಿಪಲ್ ನೆಗೆಟಿವ್‌ನ ಒಂದು ಒಳಗುಂಪು ಐದು ವರ್ಷದ ಮೇಲೆ ಮರಳುವುದು ತೀರ ಅಪರೂಪ, ಇನ್ನೊಂದರಲ್ಲಿ ಬಾಲ ಮುಂದುವರಿಯುತ್ತದೆ. ಅದೇ ಕೆಲಸದಲ್ಲಿ ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದವರ ಪೈಕಿ ಸುಮಾರು 26% ಮಂದಿ ನಾಲ್ಕು ಒಳಗುಂಪಿಗೆ ಬೀಳುತ್ತಾರೆ. ಇಪ್ಪತ್ತು ವರ್ಷದವರೆಗೆ ಇವರ ಮರುಕಳಿಕೆ 42ರಿಂದ 55%. ತಡವಾದ ಅಪಾಯ ಇಆರ್ ಪಾಸಿಟಿವ್ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಅಂದಹಾಗಾಯಿತು.

ಡೇಕೇರ್_ಡೆಸ್ಕ್
ಒಪ್ಪಿದೆ ಸರ್. ಹರ್-2 ಬಗ್ಗೆ ಚಿಕ್ಕದಾಗಿ: ಮೊದಲು ಇದು ಬೇಗ ಮರಳುವ ಕೆಟ್ಟ ಬಗೆ ಅನ್ನಿಸಿಕೊಂಡಿತ್ತು. ಹರ್-2ನ್ನೇ ಗುರಿ ಮಾಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂದ ಮೇಲೆ ಚಿತ್ರವೇ ಬೇರೆ. ಅಮೆರಿಕದ ಎರಡು ಪ್ರಯೋಗ ಕೂಡಿಸಿದ ಲೆಕ್ಕದಲ್ಲಿ ಹತ್ತನೇ ವರ್ಷಕ್ಕೆ ರೋಗವಿಲ್ಲದೆ ಇದ್ದವರು 62.2ರಿಂದ 73.7%ಕ್ಕೆ ಏರಿದರು. 3 ಸೆಂ.ಮೀ. ಒಳಗಿನ ಗಡ್ಡೆ, ಗ್ರಂಥಿ ಸ್ವಚ್ಛ, ಬರೀ ಪ್ಯಾಕ್ಲಿಟ್ಯಾಕ್ಸೆಲ್ 12 ವಾರ ಮತ್ತು ಟ್ರಾಸ್ಟುಜುಮಾಬ್ ಒಂದು ವರ್ಷ ಪಡೆದ 406 ಮಂದಿಯಲ್ಲಿ ಹತ್ತು ವರ್ಷದ ಅಂಕಿ 91.3%.

ಟ್ರಾಸ್ಟುಜುಮಾಬ್ ಡೋಸು: ಮೊದಲ ಸಲ ಕೆ.ಜಿ.ಗೆ 8 ಮಿ.ಗ್ರಾಂ., ಆಮೇಲೆ ಮೂರು ವಾರಕ್ಕೊಮ್ಮೆ 6 ಮಿ.ಗ್ರಾಂ. ಹೃದಯದ ಎಕೋ ಸ್ಕ್ಯಾನ್ ಮೂರು ತಿಂಗಳಿಗೊಮ್ಮೆ. ಕೊಡಬೇಕಾದ ದಿನಕ್ಕಿಂತ ಒಂದು ವಾರಕ್ಕೂ ಹೆಚ್ಚು ತಡವಾದರೆ ಮತ್ತೆ 8ರಿಂದಲೇ ಶುರು ಮಾಡಬೇಕು, ಇದು ಮರೆತು 6 ಕೊಡುವುದುಂಟು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಇದರ ಬಯೋಸಿಮಿಲರ್ (ಮೂಲ ಔಷಧಿಯನ್ನು ಹೋಲುವ ಔಷಧಿ) ಬಿಟ್ಟ ಮೇಲೆ ಬೆಲೆ ಇಳಿಯಿತು.

ಹರ್-2 ಜೊತೆ ಇಆರ್ ಕೂಡ ಪಾಸಿಟಿವ್ ಇದ್ದರೆ ಜಡಿಮಳೆಯ ಬಾಲ ಉಳಿಯುತ್ತೆ. ವರ್ಷದ ಇಂಜೆಕ್ಷನ್ ಮುಗೀತು ಅಂತ ಮಾತ್ರೆ ಬಿಡಬಾರದು.

ಮಾತ್ರೆಪೊಟ್ಟಣ
ಆ ಹಾರ್ಮೋನ್ ಮಾತ್ರೆಯಲ್ಲೇ ಇರೋದು ಕೆಲಸ. ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ., ಲೆಟ್ರೊಜೋಲ್ 2.5, ಅನಾಸ್ಟ್ರೊಜೋಲ್ 1, ಎಕ್ಸಿಮೆಸ್ಟೇನ್ 25. ಇವುಗಳಲ್ಲಿ ಬರೆದುಕೊಟ್ಟದ್ದು ಯಾವುದೋ ಅದು ದಿನಕ್ಕೊಂದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಕೆಡುವುದು ಎಲ್ಲಿ:

ಮೊದಲನೆಯದು, ಮತ್ತು ಇದು ನಿಜಕ್ಕೂ ಅಪಾಯದ್ದು. 42 ವಯಸ್ಸು, ಕೀಮೋದಿಂದ ಮುಟ್ಟು ನಿಂತಿದೆ. "ಮುಟ್ಟು ನಿಂತಿದೆಯಲ್ಲ" ಅಂತ ಲೆಟ್ರೊಜೋಲ್ ಬರೆದುಬಿಡುತ್ತಾರೆ. ಅಂಡಾಶಯ ಮಲಗಿದೆಯೇ ಹೊರತು ಸತ್ತಿಲ್ಲ. ಲೆಟ್ರೊಜೋಲ್ ಅದನ್ನು ತಟ್ಟಿ ಎಬ್ಬಿಸಬಲ್ಲದು. ಆಗ ಈಸ್ಟ್ರೋಜೆನ್ ಏರುತ್ತದೆ, ಮಾತ್ರೆ ನೀರಿಗೆ ಹಾಕಿದ ಹೋಮ. ಕೆಲವರಿಗೆ ಗರ್ಭವೂ ನಿಂತಿದೆ. ಈ ವಯಸ್ಸಿನಲ್ಲಿ ಟ್ಯಾಮಾಕ್ಸಿಫೆನ್ ಕೊಡಬೇಕು, ಅಥವಾ ಗೊಸೆರೆಲಿನ್ 3.6 ಮಿ.ಗ್ರಾಂ. 28 ದಿನಕ್ಕೊಮ್ಮೆ ಹಾಕಿ ಅಂಡಾಶಯವನ್ನು ಸುಮ್ಮನಿರಿಸಿ ಅದರ ಜೊತೆ ಲೆಟ್ರೊಜೋಲ್ ವರ್ಗದ್ದು (ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್ ಕೂಡ ಇದೇ ವರ್ಗ) ಕೊಡಬೇಕು. ಇಂಜೆಕ್ಷನ್ ತಪ್ಪಿದ ತಿಂಗಳು ಮಾತ್ರೆಯೂ ದಂಡ.

ಎರಡನೆಯದು, ಟ್ಯಾಮಾಕ್ಸಿಫೆನ್ ಜೊತೆ ಖಿನ್ನತೆಗೆ ಪ್ಯಾರಾಕ್ಸಿಟಿನ್ ಅಥವಾ ಫ್ಲುವಾಕ್ಸಿಟಿನ್. ಯಕೃತ್ತಿನಲ್ಲಿ ಟ್ಯಾಮಾಕ್ಸಿಫೆನ್ ಕೆಲಸದ ರೂಪಕ್ಕೆ ಬರುವ ದಾರಿಯನ್ನೇ ಇವು ಮುಚ್ಚುತ್ತವೆ. ವೆನ್ಲಾಫ್ಯಾಕ್ಸಿನ್ ಆ ದಾರಿಗೆ ಅಡ್ಡ ಬರುವುದು ತೀರ ಕಡಿಮೆ, ಮೈ ಬಿಸಿಯೇರುವ ತೊಂದರೆಗೂ ನೆರವಾಗುತ್ತದೆ.

ಮೂರನೆಯದು, ಲೆಟ್ರೊಜೋಲ್ ವರ್ಗದ ಕೀಲುನೋವು. ಬೆಳಗ್ಗೆ ಬೆರಳು ಮಡಚಲಾಗದೆ ಜನ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಹೇಳಿ. ಅನಾಸ್ಟ್ರೊಜೋಲಿನಿಂದ ಎಕ್ಸಿಮೆಸ್ಟೇನ್‌ಗೆ, ಇಲ್ಲವೇ ಟ್ಯಾಮಾಕ್ಸಿಫೆನ್‌ಗೆ ಬದಲಿಸಬಹುದು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಶುರುವಿನಲ್ಲಿ ಒಂದು, ಆಮೇಲೆ ಎರಡು ವರ್ಷಕ್ಕೊಮ್ಮೆ. ಮುಟ್ಟು ನಿಂತವರಿಗೆ ಜೊಲೆಡ್ರೊನಿಕ್ ಆಸಿಡ್ 4 ಮಿ.ಗ್ರಾಂ. ಆರು ತಿಂಗಳಿಗೊಮ್ಮೆ ಮೂರು ವರ್ಷ ಕೊಟ್ಟರೆ ಮೂಳೆಯೂ ಉಳಿಯುತ್ತದೆ, ಮೂಳೆಗೆ ಮರಳುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಕಿತ್ತು ಗಾಯ ಮಾಗಲಿ.

ಬಿಳಿದಾಸವಾಳ
ಐದೋ ಹತ್ತೋ?

ಅಂಕಿಗಾರ_ಹಾಸನ
ಟ್ಯಾಮಾಕ್ಸಿಫೆನ್‌ಗೆ ಅಟ್ಲಾಸ್ ಪ್ರಯೋಗ ಇದೆ. ಐದಕ್ಕೆ ನಿಲ್ಲಿಸಿದವರಲ್ಲಿ 5ರಿಂದ 14ನೇ ವರ್ಷದೊಳಗೆ ಮರುಕಳಿಕೆ 25.1%, ಹತ್ತಕ್ಕೆ ಎಳೆದವರಲ್ಲಿ 21.4%. ಸ್ತನ ಕ್ಯಾನ್ಸರಿನ ಸಾವು 15.0 ಮತ್ತು 12.2. ಅಂದರೆ ಸುಮಾರು 27 ಮಂದಿ ಇನ್ನೂ ಐದು ವರ್ಷ ನುಂಗಿದರೆ ಒಬ್ಬರಿಗೆ ಮರುಕಳಿಕೆ ತಪ್ಪುತ್ತದೆ. ಲಾಭದ ಹೆಚ್ಚಿನ ಪಾಲು ಹತ್ತನೇ ವರ್ಷದ ಮೇಲೆ ಕಂಡದ್ದು. ಬದಲಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ 1.6ರಿಂದ 3.1%. ಮುಟ್ಟು ನಿಂತವರಿಗೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು.

ಅನಾಸ್ಟ್ರೊಜೋಲಿನದ್ದು ಬೇರೆ ಕಥೆ. ಆಸ್ಟ್ರಿಯಾದ ಪ್ರಯೋಗದಲ್ಲಿ, ಮೊದಲ ಐದು ವರ್ಷದ ಮೇಲೆ ಇನ್ನೆರಡು ವರ್ಷ ಕೊಟ್ಟದ್ದಕ್ಕೂ ಇನ್ನೈದು ವರ್ಷ ಕೊಟ್ಟದ್ದಕ್ಕೂ ಮರುಕಳಿಕೆಯಲ್ಲಿ ವ್ಯತ್ಯಾಸವಿಲ್ಲ. ಮೂಳೆ ಮುರಿತ ಮಾತ್ರ 4.7 ಇದ್ದದ್ದು 6.3%. ಹಾಗಾಗಿ ಹಲವರಿಗೆ ಏಳು ವರ್ಷ ಸಾಕು. ಗ್ರಂಥಿ ನಾಲ್ಕಕ್ಕಿಂತ ಹೆಚ್ಚಿದ್ದವರಿಗೆ ಹತ್ತು ಎನ್ನುವವರ ವಾದಕ್ಕೂ ಹುರುಳಿದೆ. ಗ್ರಂಥಿ ಸ್ವಚ್ಛ, 1 ಸೆಂ.ಮೀ., ಗ್ರೇಡ್ 1 ಇದ್ದವರನ್ನು ಹತ್ತು ವರ್ಷ ಎಳೆಯುವುದು ನನ್ನ ಲೆಕ್ಕದಲ್ಲಿ ಅತಿಯಾಯಿತು.

ಐದನೇ ವರ್ಷ ನಿರ್ಧರಿಸಲು ಸಿಟಿಎಸ್5 ಎಂಬ ಉಚಿತ ಲೆಕ್ಕಪಟ್ಟಿ ಇದೆ. ವಯಸ್ಸು, ಗಾತ್ರ, ಗ್ರೇಡ್, ಗ್ರಂಥಿ ಸಂಖ್ಯೆ ಕೊಟ್ಟರೆ 5ರಿಂದ 10ನೇ ವರ್ಷದ ಅಪಾಯ ಹೇಳುತ್ತದೆ. 5% ಒಳಗಿದ್ದರೆ ಕಡಿಮೆ, 10% ಮೇಲಿದ್ದರೆ ಹೆಚ್ಚು. ಮುಟ್ಟು ನಿಂತವರ ಮಾಹಿತಿಯಿಂದ ಕಟ್ಟಿದ್ದು, ಚಿಕ್ಕ ವಯಸ್ಸಿನವರಿಗೆ ಹಾಕಬೇಡಿ. ಕೀಮೋ ಮೊದಲು ಪಡೆದವರು ಆಪರೇಷನ್ ನಂತರದ ಗಾತ್ರ ಹಾಕಿದರೆ ಉತ್ತರ ಸುಳ್ಳಾಗುತ್ತದೆ. ರಿಪೋರ್ಟಿನಲ್ಲಿ ಟಿ (ಗಡ್ಡೆ), ಎನ್ (ಗ್ರಂಥಿ) ಅಕ್ಷರಗಳ ಹಿಂದೆ "ವೈ" ಅಕ್ಷರ ಇದ್ದರೆ ನೀವು ಆ ಗುಂಪು.

ಸ್ಲೈಡ್_ಮೇಜು
ಮೊದಲೇ ಕೀಮೋ ಬೇಕೋ ಬೇಡವೋ ಎಂಬುದಕ್ಕೆ ಆಂಕೋಟೈಪ್ ಎಂಬ ಜೀನ್ ಪರೀಕ್ಷೆ ಇದೆ, ಮಾದರಿ ಅಮೆರಿಕಕ್ಕೆ ಹೋಗಬೇಕು, ದುಬಾರಿ. ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಐದು ಪ್ರೋಟೀನುಗಳ ಬಣ್ಣವನ್ನೂ ಗಾತ್ರ, ಗ್ರೇಡ್, ಗ್ರಂಥಿಯನ್ನೂ ಸೇರಿಸಿ ಅಂಕ ಕೊಡುತ್ತದೆ, 15.5 ಮತ್ತು ಕೆಳಗೆ ಕಡಿಮೆ ಅಪಾಯ. ಆದರೆ ಅದು ಮೊದಲ ಐದು ವರ್ಷದ ಮಾತು. ಹದಿನೈದನೇ ವರ್ಷದ ಭವಿಷ್ಯ ಅದರಲ್ಲಿ ಹುಡುಕಬೇಡಿ.

ಕೃಷ್ಣಾತೀರ
ಅಂಕಿ ಸಾಕಾತ್ರಿ, ಮನ್ಯಾಗ ಏನ್ ನೋಡ್ಕೋಬೇಕು ಅನ್ನೂದು ಹೇಳೂನು. ಇಆರ್ ಪಾಸಿಟಿವ್ ಇದ್ದವರಿಗೆ ಮರಳಿ ಬರೂದು ಹೆಚ್ಚಾಗಿ ಮೂಳಿಗೆ. ಟ್ರಿಪಲ್ ನೆಗೆಟಿವ್ ಇದ್ರ ಶ್ವಾಸಕೋಶ, ಮೆದುಳು. ಹರ್-2 ಇದ್ರ ಮೆದುಳು, ಯಕೃತ್ತು. ಲಾಬ್ಯುಲರ್ (ಹಾಲಿನ ಗ್ರಂಥಿಯಾಗ ಹುಟ್ಟೂ ಬಗಿ) ಅಂತ ರಿಪೋರ್ಟಿನ್ಯಾಗ ಬರೆದಿದ್ರ ಅದು ಹೊಟ್ಟಿ ಪದರಕ್ಕ, ಕರುಳಿಗೆ, ಅಂಡಾಶಯಕ್ಕ ಹೋಗೂದುಂಟು, ಅದೂ ಭಾಳ ತಡಾಗಿ. ಹನ್ನೆರಡು ವರ್ಷದ ಮ್ಯಾಲೆ ಹೊಟ್ಟಿ ಉಬ್ಬರಾ ಬಂದ್ರ "ಗ್ಯಾಸ್" ಅಂತ ಎರಡು ತಿಂಗಳ ಗುಳಿಗಿ ನುಂಗಬ್ಯಾಡ್ರಿ. ಹಳೇ ಕಾಯಿಲಿ ಹೆಸರು ಡಾಕ್ಟರಿಗೆ ಹೇಳ್ರಿ.

ಎರಡು ವಾರದ ಮ್ಯಾಲೂ ಬಿಡದ, ರಾತ್ರಿ ಮಲಗಿದಾಗ ಹೆಚ್ಚಾಗೂ ಬೆನ್ನುನೋವು, ಹೊಲಿಗಿ ಗುರುತಿನ ಮ್ಯಾಲೆ ಗಂಟು, ಕತ್ತಿನ ಎಲುಬಿನ ಮ್ಯಾಲೆ ಗಂಟು, ಒಣಕೆಮ್ಮು, ಮುಂಜಾನೆ ತಲಿನೋವಿನ ಜೋಡಿ ವಾಂತಿ. ಇವು ಕಂಡ್ರ ಮುಂದಿನ ತಪಾಸಣಿ ತಾರೀಕಿನ ತನಕ ಕಾಯಬ್ಯಾಡ್ರಿ. ಬೆನ್ನುನೋವಿನ ಜೋಡಿ ಕಾಲಿಗೆ ಶಕ್ತಿ ಕಡಿಮಿ ಆತು, ಉಚ್ಚಿ ಕಟ್ಟಿತು ಅಂದ್ರ ಅವತ್ತೇ ದವಾಖಾನಿಗೆ ಹೋಗ್ರಿ. ಬೆನ್ನುಹುರಿ ಒತ್ತಿದ್ರ ಸ್ಟಿರಾಯ್ಡ್ ಕೊಟ್ಟು ಕರೆಂಟ್ (ರೇಡಿಯೇಷನ್) ಇಡೂದು ತಾಸಿನ ಲೆಕ್ಕದಾಗ ಆಗಬೇಕು.

ಬಿಳಿದಾಸವಾಳ
ಹಾಗಿದ್ದರೆ ವರ್ಷಕ್ಕೊಂದು ಪೆಟ್ ಸ್ಕ್ಯಾನ್, ಸಿಎ 15-3 ರಕ್ತಪರೀಕ್ಷೆ ಮಾಡಿಸಿದರೆ ಮೊದಲೇ ಸಿಗುವುದಿಲ್ಲವೇ? ಪ್ಯಾಕೇಜು ಮಾರುತ್ತಿದ್ದಾರೆ.

ಡೇಕೇರ್_ಡೆಸ್ಕ್
ಮಾರುತ್ತಾರೆ. 1994ರಲ್ಲಿ ಇಟಲಿಯ ಎರಡು ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು: ಲಕ್ಷಣ ಇಲ್ಲದವರಿಗೆ ಆಗಾಗ ಎಕ್ಸ್‌ರೇ, ಮೂಳೆ ಸ್ಕ್ಯಾನ್ ಮಾಡಿದರೆ ಆಯಸ್ಸು ಹೆಚ್ಚುತ್ತದೆಯೇ ಅಂತ. ಹೆಚ್ಚಲಿಲ್ಲ. ಮಾರ್ಗಸೂಚಿ ಈಗಲೂ ಅದನ್ನೇ ಹೇಳುತ್ತೆ: ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಕೈಯಿಂದ ಪರೀಕ್ಷೆ, ನಾಲ್ಕು-ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಮೊಗ್ರಾಂ ವರ್ಷಕ್ಕೊಂದು, ಉಳಿದ ಸ್ತನಕ್ಕೂ. ಆ ಕಡೆ ಹೊಸದಾಗಿ ಹುಟ್ಟುವುದು ಬೇರೆ ಕಾಯಿಲೆ, ಮರುಕಳಿಕೆ ಅಲ್ಲ. ಅದನ್ನು ಬೇಗ ಹಿಡಿದರೆ ಲಾಭ ಖಂಡಿತ ಇದೆ. ಅದೇ ಸ್ತನದಲ್ಲಿ ಮರಳಿದ್ದಕ್ಕೂ ಹಾಗೇ.

ಪ್ಯಾಕೇಜಿನ ದುಡ್ಡಿಗೆ ಡೆಕ್ಸಾ ಮಾಡಿಸಿ, ಮಾತ್ರೆ ಕೊಳ್ಳಿ. ಲಕ್ಷಣ ಇದ್ದಾಗ ಸ್ಕ್ಯಾನ್ ಬೇಡ ಅಂತ ಯಾರೂ ಹೇಳುತ್ತಿಲ್ಲ.

ಸ್ಲೈಡ್_ಮೇಜು
ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ಸೂಜಿ ಹಾಕಿ ತುಣುಕು ತೆಗೆಸಿ, ಇಆರ್, ಪಿಆರ್, ಹರ್-2 ಮತ್ತೆ ಮಾಡಿಸಿ. ಹತ್ತು ವರ್ಷದ ಹಿಂದಿನ ರಿಪೋರ್ಟು ನೋಡಿ ಔಷಧಿ ಬರೆಯುವುದು ತಪ್ಪು. ಕೆಲವರಲ್ಲಿ ಬಗೆಯೇ ಬದಲಾಗಿರುತ್ತದೆ, ಇನ್ನು ಕೆಲವರಲ್ಲಿ ಅದು ಮೂಳೆಯ ಕ್ಷಯವೋ ಬೇರೆ ಕ್ಯಾನ್ಸರೋ ಆಗಿರುತ್ತದೆ. ಮೂಳೆಯಿಂದ ತೆಗೆದ ತುಣುಕನ್ನು ಗಟ್ಟಿ ಆಮ್ಲದಲ್ಲಿ ಮೆದು ಮಾಡಿದರೆ ಹರ್-2 ಫಿಶ್ ಕೆಡುತ್ತದೆ. ಇಡಿಟಿಎ ಎಂಬ ಮೃದು ರಾಸಾಯನಿಕದಲ್ಲಿ ಮೆದು ಮಾಡಿ ಎಂದು ಲ್ಯಾಬಿಗೆ ಮೊದಲೇ ಚೀಟಿ ಬರೆದು ಕಳಿಸಬೇಕು.

ಬಿಳಿದಾಸವಾಳ
ಹಳೆಯ ತುಣುಕು ಹೋಲಿಸಲು ಸಿಗುತ್ತದೆಯೇ?

ಸ್ಲೈಡ್_ಮೇಜು
ಮೇಣದ ಬ್ಲಾಕ್ ಎಲ್ಲ ಲ್ಯಾಬಿನಲ್ಲೂ ಕೊನೆತನಕ ಇಡುವುದಿಲ್ಲ. ಐದನೇ ವರ್ಷದ ತಪಾಸಣೆಗೆ ಹೋದಾಗ ಅರ್ಜಿ ಕೊಟ್ಟು ಕೇಳಿ ತೆಗೆದುಕೊಳ್ಳಿ, ಗಡ್ಡೆ ಇರುವ ಬ್ಲಾಕಿನ ನಂಬರು ರಿಪೋರ್ಟಿನಲ್ಲೇ ಇರುತ್ತದೆ. ತಂಪಾದ, ಬಿಸಿಲು ಬೀಳದ ಕಡೆ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಕರಗಿ ಮುದ್ದೆಯಾಗುತ್ತದೆ.